ಲೆಕ್ಕಕ್ಕೆ ಸಿಗದ ಬೆಳಕು: ಕಂಪ್ಯೂಟರ್ ಗ್ರಾಫಿಕ್ಸ್‌ನಲ್ಲಿ ಶೇಡಿಂಗ್ ಬೆಳೆದು ಬಂದ ಬಗೆ

ನಿಮ್ಮ ಮುಂದಿರುವ ಮೇಜಿನ ಅಡಿಯನ್ನು ಒಮ್ಮೆ ಬಗ್ಗಿ ನೋಡಿ. ಚಾವಣಿಯ ದೀಪಗಳಲ್ಲಿ ಒಂದರ ಬೆಳಕೂ ಅಲ್ಲಿಗೆ ನೇರವಾಗಿ ಬೀಳುವುದಿಲ್ಲ. ಹಾಗಿದ್ದರೂ ಅಲ್ಲಿ ಕತ್ತಲೆಯಿಲ್ಲ. ಕೆಳಗೆ ಬಿದ್ದ ಪೆನ್ನು ಕಾಣುತ್ತದೆ, ಅದರ ಬಣ್ಣ ಯಾವುದೆಂದೂ ಹೇಳಬಹುದು. ನೆಲಕ್ಕೆ, ಗೋಡೆಗೆ, ನಿಮ್ಮ ಉಡುಪಿಗೆ ತಗುಲಿ ಚದುರಿದ ಬೆಳಕು ಒಂದಲ್ಲ ಒಂದು ದಾರಿಯಿಂದ ಅಲ್ಲಿಗೆ ಮುಟ್ಟಿದೆ. ಕಂಪ್ಯೂಟರಿನಿಂದ ಚಿತ್ರ ಮಾಡಿಸುವವರಿಗೆ ದೀಪದಿಂದ ವಸ್ತುವಿಗೆ, ವಸ್ತುವಿನಿಂದ ಕಣ್ಣಿಗೆ ನೇರವಾಗಿ ಬರುವ ಬೆಳಕಿನ ಲೆಕ್ಕ ಬಹಳ ಬೇಗ ಕೈವಶವಾಯಿತು. ಕಾಡಿದ್ದು ಮೇಜಿನ ಅಡಿಯ ಈ ಬೆಳಕು. ಮೊದಲಿಗೆ ಅದನ್ನು ಒಂದೇ ಒಂದು ಸ್ಥಿರಸಂಖ್ಯೆಯೊಳಗೆ ಅಡಗಿಸಿಟ್ಟು ಮುಂದೆ ಸಾಗಿದರು. ಆಮೇಲಿನ ದಶಕಗಳ ದುಡಿಮೆಯ ಬಹುಪಾಲು ಆ ಸಂಖ್ಯೆಯನ್ನು ತೆಗೆದು, ಅದರ ಜಾಗದಲ್ಲಿ ನಿಜವಾದ ಲೆಕ್ಕವನ್ನು ಕೂರಿಸುವುದಕ್ಕೆ ಸಂದಿತು. ಇಂದು ನಾನು ಹೇಳಹೊರಟಿರುವುದು ಮುಖ್ಯವಾಗಿ ಆ ಸಂಖ್ಯೆಯ ಕಥೆಯನ್ನೇ.

ಮೊದಲು ಕಂಪ್ಯೂಟರಿನ ಕೈಯಲ್ಲಿ ಏನಿರುತ್ತದೆ ಎಂಬುದನ್ನು ತಿಳಿದುಕೊಳ್ಳೋಣ. ಬಹುತೇಕ ಸಂದರ್ಭಗಳಲ್ಲಿ ವಸ್ತುವೆಂದರೆ ತ್ರಿಕೋನಗಳ ಒಂದು ಜಾಲ. ಆ ಜಾಲದ ಪ್ರತಿಯೊಂದು ಬಿಂದುವಿನಲ್ಲೂ ಮೇಲ್ಮೈ ಯಾವ ಕಡೆಗೆ ಮುಖ ಮಾಡಿದೆ ಎಂಬುದನ್ನು ಹೇಳುವ, ಮೇಲ್ಮೈಗೆ ಲಂಬವಾಗಿ ನಿಂತ ಒಂದು ದಿಕ್ಕು ಇರುತ್ತದೆ. ಇದನ್ನು ನಾರ್ಮಲ್ ಎನ್ನುತ್ತೇವೆ. ಪರದೆ 1920×1080ರದಾಗಿದ್ದರೆ ಅದರಲ್ಲಿ 20,73,600 ಪಿಕ್ಸೆಲ್‌ಗಳಿವೆ. ಪ್ರತಿ ಪಿಕ್ಸೆಲ್‌ನಲ್ಲಿ ಯಾವ ವಸ್ತು ಕಾಣುತ್ತದೆ ಎಂಬುದು ಒಂದು ಪ್ರಶ್ನೆ, ಕಂಡ ಜಾಗ ಯಾವ ಬಣ್ಣದಲ್ಲಿ ಎಷ್ಟು ಬೆಳ್ಳಗೆ ಕಾಣುತ್ತದೆ ಎಂಬುದು ಇನ್ನೊಂದು. ಶೇಡಿಂಗ್ ಎಂದರೆ ಈ ಎರಡನೆಯ ಪ್ರಶ್ನೆಗೆ ಉತ್ತರ. ಸೆಕೆಂಡಿಗೆ 60 ಚಿತ್ರಗಳನ್ನು ತೋರಿಸಬೇಕಾದ ಆಟವೊಂದರಲ್ಲಿ ಇಡೀ ಪರದೆಯ ಉತ್ತರ ಸುಮಾರು 16.7 ಮಿಲಿಸೆಕೆಂಡುಗಳೊಳಗೆ ಸಿದ್ಧವಾಗಬೇಕು. ಚಲನಚಿತ್ರಕ್ಕಾದರೆ ಒಂದು ಚೌಕಟ್ಟಿಗೆ ಗಂಟೆಗಟ್ಟಲೆ ಕಾಯುವ ಅವಕಾಶವುಂಟು. ಈ ಎರಡು ಗಡುವುಗಳ ನಡುವಿನ ಅಂತರವನ್ನು ಮನಸ್ಸಿನಲ್ಲಿಟ್ಟುಕೊಂಡರೆ, ಒಂದೇ ಸಮಸ್ಯೆಗೆ ಇಷ್ಟೊಂದು ಬಗೆಯ ಪರಿಹಾರಗಳು ಏಕೆ ಹುಟ್ಟಿಕೊಂಡವು ಎಂಬುದು ತಿಳಿಯುತ್ತದೆ.

ಎಲ್ಲಕ್ಕಿಂತ ಹಳೆಯ ನಿಯಮ ಕಂಪ್ಯೂಟರಿಗಿಂತ ಎಷ್ಟೋ ಹಿಂದಿನದು. ಯೋಹಾನ್ ಹೈನ್‌ರಿಶ್ ಲ್ಯಾಂಬರ್ಟ್ 1760ರಲ್ಲಿ ಪ್ರಕಟಿಸಿದ ‘ಫೋಟೊಮೆಟ್ರಿಯಾ’ ಎಂಬ ಗ್ರಂಥದಲ್ಲಿ ಅದು ಇದೆ. ಮೇಲ್ಮೈಗೆ ಬೆಳಕು ನೆಟ್ಟಗೆ ಬಿದ್ದಾಗ ಅದು ಅತಿ ಹೆಚ್ಚು ಬೆಳಗುತ್ತದೆ. ಓರೆಯಾದಷ್ಟೂ ಅದೇ ಬೆಳಕು ಹೆಚ್ಚು ಜಾಗಕ್ಕೆ ಹರಡಿಕೊಳ್ಳಬೇಕಾಗಿ ಬರುವುದರಿಂದ ಪ್ರತಿಯೊಂದು ಚದರ ಅಂಗುಲದ ಪಾಲಿಗೆ ಬರುವುದು ಕಡಿಮೆಯಾಗುತ್ತದೆ. ಎಷ್ಟು ಕಡಿಮೆ ಎಂಬುದನ್ನು ನಾರ್ಮಲ್‌ಗೂ ಬೆಳಕಿನ ದಿಕ್ಕಿಗೂ ನಡುವಿನ ಕೋನದ ಕೊಸೈನ್ ಹೇಳುತ್ತದೆ. ಕೋನ 60 ಡಿಗ್ರಿಯಾದರೆ ಬೆಳಕು ಸರಿಯಾಗಿ ಅರ್ಧ. 90 ಡಿಗ್ರಿಯಾದರೆ ಸೊನ್ನೆ. ಕಂಪ್ಯೂಟರಿಗೆ ಇದು ಮೂರು ಗುಣಾಕಾರ, ಎರಡು ಸಂಕಲನಗಳ ಕೆಲಸ, ಅಷ್ಟೆ. ಕೋನ 90 ದಾಟಿದಾಗ ಕೊಸೈನ್ ಋಣಸಂಖ್ಯೆಯಾಗುತ್ತದೆ. ಅದನ್ನು ಸೊನ್ನೆಗೆ ತಡೆದು ನಿಲ್ಲಿಸದಿದ್ದರೆ ವಸ್ತುವಿನ ಹಿಂಬದಿಯಲ್ಲಿರುವ ದೀಪ ಮುಂಬದಿಯ ದೀಪ ಕೊಟ್ಟ ಬೆಳಕನ್ನು ಕಳೆಯಲು ತೊಡಗುತ್ತದೆ. ಮೊದಲ ಬಾರಿ ಶೇಡರ್, ಎಂದರೆ ಶೇಡಿಂಗ್ ಲೆಕ್ಕ ಮಾಡುವ ಕಿರುಪ್ರೋಗ್ರಾಮ್, ಬರೆಯುವವರು ಎರಡು ದೀಪಗಳನ್ನಿಟ್ಟಾಗ ಚಿತ್ರ ಕಪ್ಪಾಗುವುದಕ್ಕೆ ಬಹುಪಾಲು ಇದೇ ಕಾರಣ.

ಲ್ಯಾಂಬರ್ಟ್ ನಿಯಮದಲ್ಲಿ ನೋಡುವವರು ಎಲ್ಲಿದ್ದಾರೆ ಎಂಬ ಪ್ರಶ್ನೆಯೇ ಇಲ್ಲ ಎಂಬುದನ್ನು ಗಮನಿಸಿ. ಸುಣ್ಣ ಬಳಿದ ಗೋಡೆಯಂಥ ಹೊಳಪಿಲ್ಲದ ಮೇಲ್ಮೈ ಯಾವ ಕಡೆಯಿಂದ ನೋಡಿದರೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಬೆಳಗಿರುವಂತೆ ಕಾಣುತ್ತದೆ. ಈ ಗುಣದಿಂದ ಮುಂದೆ ಒಂದು ದೊಡ್ಡ ಉಪಕಾರವಾಯಿತು. ಅದರ ವಿಷಯಕ್ಕೆ ಆಮೇಲೆ ಬರುತ್ತೇನೆ.

1960ರ ದಶಕದ ಕೊನೆ ಮತ್ತು 1970ರ ದಶಕದ ಆರಂಭದಲ್ಲಿ ಈ ವಿಷಯದ ಕೇಂದ್ರವೆಂದರೆ ಅಮೆರಿಕದ ಯೂಟಾ ವಿಶ್ವವಿದ್ಯಾಲಯ. ಪ್ರತಿ ತ್ರಿಕೋನಕ್ಕೆ ಒಂದೇ ನಾರ್ಮಲ್ ಇಟ್ಟು ಒಂದೇ ಬಣ್ಣ ತುಂಬಿದರೆ ಚೆಂಡೊಂದು ಕತ್ತರಿಸಿದ ಹರಳಿನಂತೆ ಮುಖಮುಖವಾಗಿ ಕಾಣುತ್ತದೆ. ತ್ರಿಕೋನಗಳನ್ನು ಚಿಕ್ಕದು ಮಾಡಿದರೆ ಸರಿಹೋಗುತ್ತದೆ ಎಂದು ಅನ್ನಿಸಬಹುದು. ಹಾಗಾಗುವುದಿಲ್ಲ. ಪಕ್ಕಪಕ್ಕದ ಎರಡು ಪಟ್ಟಿಗಳ ಬೆಳಕಿನಲ್ಲಿ ಅತಿ ಸಣ್ಣ ವ್ಯತ್ಯಾಸವಿದ್ದರೂ ನಮ್ಮ ದೃಷ್ಟಿವ್ಯವಸ್ಥೆ ಆ ಗಡಿಯನ್ನು ಇರುವುದಕ್ಕಿಂತ ಎತ್ತಿ ತೋರಿಸುತ್ತದೆ. ಎರ್ನ್ಸ್ಟ್ ಮಾಕ್ ಹತ್ತೊಂಬತ್ತನೆಯ ಶತಮಾನದಲ್ಲೇ ಇದನ್ನು ವಿವರಿಸಿದ್ದರು, ಮಾಕ್ ಪಟ್ಟಿಗಳು ಎಂಬ ಹೆಸರು ಅದಕ್ಕೆ ನಿಂತಿದೆ. 1971ರಲ್ಲಿ ಆನ್ರಿ ಗೂರೋ ಕೊಟ್ಟ ಉಪಾಯ ಸರಳವಾದದ್ದು: ಬೆಳಕಿನ ಲೆಕ್ಕವನ್ನು ತ್ರಿಕೋನದ ಮೂರು ಮೂಲೆಗಳಲ್ಲಿ ಮಾತ್ರ ಮಾಡಿ, ಒಳಗಿನ ಪಿಕ್ಸೆಲ್‌ಗಳಿಗೆ ಆ ಮೂರು ಬಣ್ಣಗಳನ್ನು ನಯವಾಗಿ ಬೆರೆಸಿ ಹಂಚುವುದು. ಅವರು ಇದನ್ನು ಪರೀಕ್ಷಿಸಿದ್ದು ತಮ್ಮ ಪತ್ನಿಯ ಮುಖದ ಮೇಲೆ ಗೆರೆಗಳನ್ನು ಬರೆದು, ಅಳೆದು, ಕಂಪ್ಯೂಟರಿಗೆ ಊಡಿದ ಮಾದರಿಯಲ್ಲಿ. ಇಂದು ಆ ಚಿತ್ರವನ್ನು ನೋಡಿದರೆ ಕೆನ್ನೆಯ ನಯ ಸಾಧಿಸಿರುವುದೂ ಹೊರಗೆರೆಯಲ್ಲಿ ಬಹುಭುಜದ ಮೊನೆಗಳು ಉಳಿದಿರುವುದೂ ಒಟ್ಟಿಗೆ ಕಾಣುತ್ತವೆ. ಗೂರೋ ವಿಧಾನದ ನಿಜವಾದ ಕೊರತೆ ಹೊಳಪಿನ ವಸ್ತುಗಳಲ್ಲಿ ಬಯಲಾಗುತ್ತದೆ. ಹೊಳೆಯುವ ಚುಕ್ಕೆ ದೊಡ್ಡ ತ್ರಿಕೋನದ ನಟ್ಟನಡುವೆ ಬಿದ್ದರೆ, ಮೂಲೆಗಳಲ್ಲಿ ಮಾತ್ರ ಲೆಕ್ಕ ಮಾಡುವ ವಿಧಾನಕ್ಕೆ ಅದು ಕಾಣುವುದೇ ಇಲ್ಲ. ವಸ್ತು ತಿರುಗಿದಾಗ ಚುಕ್ಕೆ ಒಂದು ಮೂಲೆಯಲ್ಲಿ ಮೂಡಿ, ಮಾಯವಾಗಿ, ಇನ್ನೊಂದು ಮೂಲೆಯಲ್ಲಿ ಮತ್ತೆ ಮೂಡುತ್ತದೆ.

ಅದೇ ವಿಶ್ವವಿದ್ಯಾಲಯದಲ್ಲಿದ್ದ ಬುಯಿ ತುಓಂಗ್ ಫೋಂಗ್ ಈ ಕೊರತೆಯನ್ನು ಕೈಗೆತ್ತಿಕೊಂಡರು. ಅವರ ಹೆಸರಿನಲ್ಲಿ ಎರಡು ಬೇರೆಬೇರೆ ಸಂಗತಿಗಳಿವೆ, ಪಠ್ಯಗಳಲ್ಲಿ ಇವನ್ನು ಕಲಸಿ ಹೇಳುವುದನ್ನು ನೋಡಿರುತ್ತೀರಿ, ಆದ್ದರಿಂದ ಬಿಡಿಸಿ ಹೇಳುತ್ತೇನೆ. ಮೊದಲನೆಯದು, ಬಣ್ಣಗಳ ಬದಲು ನಾರ್ಮಲ್‌ಗಳನ್ನೇ ತ್ರಿಕೋನದ ಒಳಗೆ ಬೆರೆಸಿ, ಪ್ರತಿ ಪಿಕ್ಸೆಲ್‌ನಲ್ಲೂ ಬೆಳಕಿನ ಲೆಕ್ಕವನ್ನು ಹೊಸದಾಗಿ ಮಾಡುವ ವಿಧಾನ. ಎರಡನೆಯದು, ಹೊಳಪನ್ನು ಹೇಳುವ ಸೂತ್ರ: ಬೆಳಕು ಪ್ರತಿಫಲಿಸಿ ಹೋಗುವ ದಿಕ್ಕಿಗೂ ಕಣ್ಣಿರುವ ದಿಕ್ಕಿಗೂ ನಡುವಿನ ಕೋನದ ಕೊಸೈನ್ ತೆಗೆದುಕೊಂಡು ಅದನ್ನು ಒಂದು ಘಾತಕ್ಕೆ ಏರಿಸುವುದು. ಕೋನ 20 ಡಿಗ್ರಿ ಎಂದಿಟ್ಟುಕೊಳ್ಳಿ, ಕೊಸೈನ್ ಸುಮಾರು 0.94. ಘಾತ 10 ಆದರೆ ಉತ್ತರ 0.54ರಷ್ಟು, ಎಂದರೆ ಹೊಳಪು ಅಗಲವಾಗಿ ಹರಡಿದೆ. ಘಾತ 100 ಆದರೆ ಉತ್ತರ 0.002, ಹೊಳಪು ಸೂಜಿಮೊನೆಯಷ್ಟು ಜಾಗಕ್ಕೆ ಕುಗ್ಗಿದೆ. ಒಂದೇ ಸಂಖ್ಯೆಯನ್ನು ಬದಲಿಸಿ ಮಾಸಲು ರಬ್ಬರಿನಿಂದ ಬಿಲಿಯರ್ಡ್ ಚೆಂಡಿನವರೆಗೆ ಹೋಗಬಹುದು ಎಂಬುದರಲ್ಲೇ ಈ ಸೂತ್ರದ ಆಕರ್ಷಣೆ ಇತ್ತು.

ನಾರ್ಮಲ್ ಬೆರೆಸುವ ವಿಧಾನದಲ್ಲಿ ಒಂದು ಸೂಕ್ಷ್ಮವಿದೆ, ಅದನ್ನು ಹತ್ತಿರದಿಂದ ನೋಡುವುದು ಒಳ್ಳೆಯದು. ಎರಡು ಮೂಲೆಗಳ ನಾರ್ಮಲ್‌ಗಳ ಉದ್ದ ತಲಾ ಒಂದು, ಅವುಗಳ ನಡುವೆ 60 ಡಿಗ್ರಿ ಕೋನ ಇದೆ ಎಂದುಕೊಳ್ಳಿ. ನಡುಬಿಂದುವಿನಲ್ಲಿ ಎರಡರ ಸರಾಸರಿ ತೆಗೆದರೆ ದಿಕ್ಕು ಸರಿಯಾಗಿಯೇ ಬರುತ್ತದೆ, ಆದರೆ ಉದ್ದ ಒಂದಲ್ಲ, 0.866. ಮತ್ತೆ ಅದನ್ನು ಒಂದಕ್ಕೆ ಎಳೆದು ತರದೆ ಹಾಗೆಯೇ ಬಳಸಿದರೆ ಲ್ಯಾಂಬರ್ಟ್ ಭಾಗದಲ್ಲಿ ಚಿತ್ರ ತುಸು ಮಂಕಾಗುತ್ತದೆ, ಯಾರ ಗಮನಕ್ಕೂ ಬಾರದಿರಬಹುದು. ಹೊಳಪಿನ ಭಾಗದಲ್ಲಿ ಹಾಗಲ್ಲ. ಘಾತ 50 ಆಗಿದ್ದರೆ, ಗರಿಷ್ಠ ಹೊಳಪು ಇರಬೇಕಾದ ಜಾಗದಲ್ಲೇ 0.866ರ ಐವತ್ತನೆಯ ಘಾತ ಬಂದು ಕೂರುತ್ತದೆ. ಅದು ಸಾವಿರದಲ್ಲಿ ಒಂದು ಪಾಲಿಗಿಂತಲೂ ಕಡಿಮೆ. ಹೊಳಪು ಮಂಕಾಗುವುದಲ್ಲ, ಪೂರ್ತಿ ಕಾಣೆಯಾಗುತ್ತದೆ. ಪ್ರತಿ ಪಿಕ್ಸೆಲ್‌ನಲ್ಲೂ ಒಂದು ವರ್ಗಮೂಲ, ಒಂದು ಭಾಗಾಕಾರ ಮಾಡಲೇಬೇಕಾಗಿ ಬಂದದ್ದರಿಂದ ಆ ಕಾಲದ ಯಂತ್ರಗಳಿಗೆ ಫೋಂಗ್ ವಿಧಾನ ಭಾರವಾಗಿತ್ತು, ಬಹಳ ವರ್ಷಗಳ ತನಕ ಯಂತ್ರಾಂಶಗಳು ಗೂರೋ ವಿಧಾನದಲ್ಲೇ ಉಳಿದವು.

ವಿಷಯಕ್ಕೆ ಸ್ವಲ್ಪ ಹೊರಗಿನ ಮಾತೊಂದನ್ನು ಇಲ್ಲಿ ಹೇಳದೆ ಮುಂದೆ ಹೋಗಲಾರೆ. ಫೋಂಗ್ ಹುಟ್ಟಿದ್ದು ವಿಯೆಟ್ನಾಮಿನ ಹನೋಯ್‌ನಲ್ಲಿ. 1973ರಲ್ಲಿ ಡಾಕ್ಟರೇಟ್ ಮುಗಿಸಿ, 1975ರಲ್ಲಿ ಆ ಪ್ರಸಿದ್ಧ ಪ್ರಬಂಧವನ್ನು ಪ್ರಕಟಿಸಿದರು. ಅದೇ ವರ್ಷ ಲ್ಯುಕೀಮಿಯಾದಿಂದ ತೀರಿಕೊಂಡರು. ಕೆಲವೇ ಪುಟಗಳ ಆ ಬರಹದಲ್ಲಿ ಅವರು ತಮ್ಮ ಗುರಿಯನ್ನು ಬಹಳ ಪ್ರಾಮಾಣಿಕವಾಗಿ ಹೇಳಿಕೊಂಡಿದ್ದಾರೆ: ವಸ್ತು ವಾಸ್ತವದಲ್ಲಿ ಹೇಗಿರುತ್ತದೋ ಹಾಗೆಯೇ ತೋರಿಸುವುದು ತಮ್ಮ ನಿರೀಕ್ಷೆಯಲ್ಲ, ನೈಜವೆಂದು ಒಂದು ಮಟ್ಟಿಗೆ ಅನ್ನಿಸುವಷ್ಟು ಹತ್ತಿರ ಹೋದರೆ ಸಾಕು ಎಂಬುದು ಅದರ ತಾತ್ಪರ್ಯ. ಅವರ ನಂತರ ಆ ಸೂತ್ರವನ್ನು ಭೌತಶಾಸ್ತ್ರದ ನಿಯಮವೆಂಬಂತೆ ಕಲಿಸಿದವರಿದ್ದಾರೆ. ಆ ತಪ್ಪು ಫೋಂಗ್ ಅವರದಲ್ಲ. ಜಿಮ್ ಬ್ಲಿನ್ 1977ರಲ್ಲಿ ಆ ಸೂತ್ರವನ್ನೇ ತಿದ್ದಿ, ಬೆಳಕಿನ ದಿಕ್ಕು ಮತ್ತು ಕಣ್ಣಿನ ದಿಕ್ಕುಗಳ ನಡುದಿಕ್ಕನ್ನು ನಾರ್ಮಲ್ ಜೊತೆ ಹೋಲಿಸುವ ರೂಪ ಕೊಟ್ಟರು. ಓರೆಯಾಗಿ ನೋಡಿದಾಗ ಹೊಳಪು ಉದ್ದಕ್ಕೆ ಎಳೆದುಕೊಳ್ಳುವ ನಿಜಸಂಗತಿ ಈ ರೂಪದಲ್ಲಿ ಸಿಗುತ್ತದೆ, ಹಳೆಯದರಲ್ಲಿ ಸಿಗುವುದಿಲ್ಲ.

ಈಗ ನಾನು ಆರಂಭದಲ್ಲಿ ಹೇಳಿದ ಸಂಖ್ಯೆಗೆ ಬರೋಣ. ಈ ಕಾಲದ ಸೂತ್ರಗಳಲ್ಲಿ ಮೂರು ಪದಗಳಿರುತ್ತಿದ್ದವು: ಲ್ಯಾಂಬರ್ಟ್‌ನಿಂದ ಬಂದ ಡಿಫ್ಯೂಸ್, ಹೊಳಪಿನ ಸ್ಪೆಕ್ಯುಲರ್, ಮತ್ತು ಆಂಬಿಯಂಟ್. ಮೂರನೆಯದು ಬರಿಯ ಒಂದು ಸಂಖ್ಯೆ, 0.1 ಎನ್ನಿ, 0.2 ಎನ್ನಿ. ಚಿತ್ರದ ಎಲ್ಲ ಬಿಂದುಗಳಿಗೂ ಅದನ್ನು ಸಮಾನವಾಗಿ ಕೂಡಿಸಿಬಿಡುವುದು. ಅದಿಲ್ಲದಿದ್ದರೆ ನೇರ ಬೆಳಕು ಬೀಳದ ಜಾಗವೆಲ್ಲ ಮಸಿಯಂತೆ ಕಪ್ಪಾಗುತ್ತದೆ. ಅದನ್ನು ಸೇರಿಸಿದರೆ ಕಪ್ಪು ಹೋಗುತ್ತದೆ, ಆದರೆ ಆ ಜಾಗದಲ್ಲಿ ಆಕಾರವೂ ಹೋಗುತ್ತದೆ. ನೆರಳಿನಲ್ಲಿಟ್ಟ ಚೆಂಡನ್ನು ಯೋಚಿಸಿ: ಎಲ್ಲ ಬಿಂದುಗಳಿಗೂ ಒಂದೇ ಮೊತ್ತ ಸೇರಿದ್ದರಿಂದ ಅದು ಚೆಂಡಾಗಿ ಉಳಿಯದೆ ಬೂದುಬಣ್ಣದ ಚಪ್ಪಟೆ ಬಿಲ್ಲೆಯಾಗುತ್ತದೆ. ಕೋಣೆಯ ಮೂಲೆಗೂ ಕಿಟಕಿಯ ಪಕ್ಕದ ಗೋಡೆಗೂ ಒಂದೇ ಮೊತ್ತ. ಕೆಂಪು ಪರದೆಯ ಹತ್ತಿರವಿರುವ ಬಿಳಿ ಕಂಬಕ್ಕೂ ಅದೇ. ಕಣ್ಣು ಇದನ್ನು ಹೆಸರಿಟ್ಟು ಹೇಳಲಾರದಿದ್ದರೂ ಏನೋ ಸುಳ್ಳಿದೆ ಎಂಬುದನ್ನು ತಕ್ಷಣ ಗುರುತಿಸುತ್ತದೆ.

ಆ ಸಂಖ್ಯೆಯನ್ನು ಇನ್ನಷ್ಟು ಏರಿಸುವ ಹಾಗೆ ಮಾಡಿದ ಇನ್ನೊಂದು ತೊಡಕೂ ಇತ್ತು, ಅದು ಇಂದಿಗೂ ಹೊಸಬರನ್ನು ಕಾಡುತ್ತದೆ. ಚಿತ್ರಕಡತದಲ್ಲಿ 0ಯಿಂದ 255ರವರೆಗಿನ ಸಂಖ್ಯೆಗಳು ಬೆಳಕಿನ ಪ್ರಮಾಣವನ್ನು ನೇರವಾಗಿ ಹೇಳುವುದಿಲ್ಲ. 128 ಎಂದು ಬರೆದರೆ ಪರದೆಯಿಂದ ಹೊರಡುವುದು 255ರ ಅರ್ಧದಷ್ಟು ಬೆಳಕಲ್ಲ. ಪರದೆಯ ಬಣ್ಣಗಳಿಗಿರುವ ಎಸ್‌ಆರ್‌ಜಿಬಿ ಮಾನದಂಡದ ಪ್ರಕಾರ ಶೇಕಡಾ 21.6ರಷ್ಟು ಮಾತ್ರ. ಕತ್ತಲ ಭಾಗದ ಸಣ್ಣ ವ್ಯತ್ಯಾಸಗಳನ್ನು ಕಣ್ಣು ಚೆನ್ನಾಗಿ ಗುರುತಿಸುತ್ತದೆಯಾದ್ದರಿಂದ ಸಂಖ್ಯೆಗಳನ್ನು ಆ ಕಡೆಗೆ ಹೆಚ್ಚಾಗಿ ಹಂಚಿರುವುದು ನ್ಯಾಯವೇ. ಆದರೆ ಲ್ಯಾಂಬರ್ಟ್ ಲೆಕ್ಕದಲ್ಲಿ ಬಂದ 0.5 ಎಂಬ ಉತ್ತರವನ್ನು ಪರಿವರ್ತಿಸದೆ ಹಾಗೆಯೇ 128 ಎಂದು ಬರೆದರೆ, ಅರ್ಧ ಬೆಳಗಬೇಕಿದ್ದ ಜಾಗ ಐದನೆಯ ಒಂದು ಪಾಲಿನಷ್ಟು ಮಾತ್ರ ಬೆಳಗುತ್ತದೆ. ಚೆಂಡಿನ ಬೆಳಕಿನ ಬದಿಯಿಂದ ಕತ್ತಲ ಬದಿಗೆ ಹೋಗುವ ಇಳಿಜಾರು ಕಡಿದಾಗುತ್ತದೆ. ಚಿತ್ರ ಕಪ್ಪಾಯಿತೆಂದು ಕಲಾವಿದರು ಆಂಬಿಯಂಟ್ ಏರಿಸುತ್ತಾರೆ, ಆಗ ಚಿತ್ರ ಮಬ್ಬಾಗುತ್ತದೆ, ಮಬ್ಬನ್ನು ಕಳೆಯಲು ಮತ್ತೊಂದು ದೀಪ ಇಡುತ್ತಾರೆ. ಒಳಬರುವ ಬಣ್ಣಗಳನ್ನು ಮೊದಲು ನಿಜವಾದ ಬೆಳಕಿನ ಪ್ರಮಾಣಕ್ಕೆ ತಂದು, ಎಲ್ಲ ಲೆಕ್ಕವನ್ನೂ ಅದರಲ್ಲೇ ಮಾಡಿ, ಕಟ್ಟಕಡೆಗೆ ಒಮ್ಮೆ ಪರದೆಯ ಸಂಖ್ಯೆಗಳಿಗೆ ಪರಿವರ್ತಿಸುವುದೇ ಸರಿಯಾದ ಕ್ರಮ. ನೀವು ಸ್ವಂತವಾಗಿ ಏನನ್ನಾದರೂ ಬರೆಯುವುದಾದರೆ ಬೇರೆ ಯಾವ ಸುಧಾರಣೆಗೂ ಮೊದಲು ಇದನ್ನು ಮಾಡಿ.

ಇಲ್ಲಿಯವರೆಗೆ ಹೇಳಿದ ಸೂತ್ರಗಳೆಲ್ಲ ಒಂದು ಬಿಂದು, ಒಂದು ದೀಪ, ಒಂದು ಕಣ್ಣು ಇಷ್ಟನ್ನೇ ಬಲ್ಲವು. ನಡುವೆ ಮತ್ತೊಂದು ವಸ್ತು ಅಡ್ಡ ನಿಂತಿದೆಯೇ ಎಂಬುದು ಅವುಗಳಿಗೆ ಗೊತ್ತಿಲ್ಲ, ಆದ್ದರಿಂದ ನೆರಳೂ ಇಲ್ಲ. 1978ರಲ್ಲಿ ಲ್ಯಾನ್ಸ್ ವಿಲಿಯಮ್ಸ್ ಸೂಚಿಸಿದ ಶ್ಯಾಡೋ ಮ್ಯಾಪ್ ಎಂಬ ಉಪಾಯ ಇಂದಿಗೂ ಆಟಗಳಲ್ಲಿ ದುಡಿಯುತ್ತಿದೆ. ಮೊದಲು ದೀಪ ಇರುವ ಜಾಗದಲ್ಲೇ ಕ್ಯಾಮೆರಾ ಇಟ್ಟು, ಬಣ್ಣದ ಬದಲು ದೂರವನ್ನು ಮಾತ್ರ ದಾಖಲಿಸಿಕೊಳ್ಳಿ. ಆಮೇಲೆ ನಿಜವಾದ ಚಿತ್ರದ ಪ್ರತಿ ಬಿಂದುವಿಗೂ ದೀಪದಿಂದ ಇರುವ ದೂರವನ್ನು ಆ ದಾಖಲೆಯೊಂದಿಗೆ ಹೋಲಿಸಿ. ದಾಖಲಾದ ದೂರ ಕಡಿಮೆಯಿದ್ದರೆ ಬೇರೆ ಯಾವುದೋ ವಸ್ತು ದೀಪಕ್ಕೆ ಹತ್ತಿರವಿದೆ, ಈ ಬಿಂದು ನೆರಳಿನಲ್ಲಿದೆ. ಉಪಾಯ ಸೊಗಸಾದದ್ದು, ಆಚರಣೆ ಕಿರಿಕಿರಿಯದು. ಆ ದಾಖಲೆಯ ಒಂದೊಂದು ಪಿಕ್ಸೆಲ್ ಓರೆಯಾದ ನೆಲದ ಮೇಲೆ ಒಂದು ತುಣುಕನ್ನೇ ಆವರಿಸುತ್ತದೆ, ಆದರೆ ತುಣುಕಿನ ನಡುಬಿಂದುವಿನ ದೂರ ಮಾತ್ರ ದಾಖಲಾಗಿರುತ್ತದೆ. ತುಣುಕಿನ ಅರ್ಧದಷ್ಟು ಜಾಗ ಅದಕ್ಕಿಂತ ದೂರದಲ್ಲಿರುವುದರಿಂದ ನೆಲ ತನ್ನ ನೆರಳನ್ನು ತನ್ನ ಮೇಲೆಯೇ ಬೀಳಿಸಿಕೊಂಡು, ಬಿಸಿಲಿನಲ್ಲಿರಬೇಕಾದ ಕಡೆಯೆಲ್ಲ ಕಪ್ಪು ಗೆರೆಗಳು ಮೂಡುತ್ತವೆ. ಹೋಲಿಸುವ ಮುನ್ನ ದೂರಕ್ಕೆ ಸಣ್ಣದೊಂದು ರಿಯಾಯಿತಿ ಕೊಟ್ಟರೆ ಗೆರೆಗಳು ಹೋಗುತ್ತವೆ. ರಿಯಾಯಿತಿ ಹೆಚ್ಚಾದರೆ ಪಾತ್ರದ ಪಾದಕ್ಕೂ ನೆರಳಿಗೂ ನಡುವೆ ಬೆಳಕಿನ ಸಂದು ಬಿಟ್ಟುಕೊಂಡು, ಮನುಷ್ಯ ನೆಲದ ಮೇಲೆ ತೇಲಿದಂತೆ ಕಾಣುತ್ತಾನೆ. ಎಲ್ಲ ದೃಶ್ಯಗಳಿಗೂ ಹೊಂದುವ ಒಂದೇ ರಿಯಾಯಿತಿ ಎಂಬುದಿಲ್ಲ.

ನೆರಳನ್ನು ಪ್ರತ್ಯೇಕ ಉಪಾಯವಾಗಿ ಅಲ್ಲದೆ ಬೆಳಕಿನ ದಾರಿಯ ಭಾಗವಾಗಿಯೇ ಪಡೆಯುವ ಮಾರ್ಗ ರೇ ಟ್ರೇಸಿಂಗ್. ಕಣ್ಣಿನಿಂದ ಪ್ರತಿ ಪಿಕ್ಸೆಲ್ ಮೂಲಕ ಒಂದು ಕಿರಣ ಕಳುಹಿಸಿ, ಅದು ಮೊದಲು ತಗಲುವ ಜಾಗದಿಂದ ದೀಪದ ಕಡೆಗೆ ಮತ್ತೊಂದು ಕಿರಣ ಬಿಟ್ಟು ಅಡ್ಡಿಯಿದೆಯೇ ಎಂದು ನೋಡುವುದನ್ನು 1968ರಲ್ಲೇ ಆರ್ಥರ್ ಆಪಲ್ ತೋರಿಸಿದ್ದರು. 1980ರಲ್ಲಿ ಬೆಲ್ ಲ್ಯಾಬ್ಸ್‌ನ ಟರ್ನರ್ ವಿಟೆಡ್, ಕಿರಣ ಕನ್ನಡಿಗೆ ತಗಲಿದರೆ ಪ್ರತಿಫಲನದ ದಿಕ್ಕಿಗೆ, ಗಾಜಿಗೆ ತಗಲಿದರೆ ವಕ್ರೀಭವನದ ದಿಕ್ಕಿಗೆ ಹೊಸ ಕಿರಣ ಹೊರಡಿಸಿ ಅದನ್ನೂ ಹೀಗೆಯೇ ಹಿಂಬಾಲಿಸಬಹುದು ಎಂದರು. ಚೌಕುಳಿ ನೆಲದ ಮೇಲೆ ತೇಲುವ ಎರಡು ಗೋಳಗಳ ಅವರ ಚಿತ್ರ ಆ ಕಾಲದವರನ್ನು ಬೆರಗುಗೊಳಿಸಿತು. ವ್ಯಾಕ್ಸ್ 11/780 ಯಂತ್ರದಲ್ಲಿ ಅದಕ್ಕೆ ಹಿಡಿದ ಸಮಯ 74 ನಿಮಿಷ. ಸರಳ ದೃಶ್ಯಗಳಲ್ಲೂ ಶೇಕಡಾ 75ರಷ್ಟು, ಜಟಿಲ ದೃಶ್ಯಗಳಲ್ಲಿ ಶೇಕಡಾ 95ರವರೆಗೂ ಸಮಯ ಕಿರಣ ಯಾವುದಕ್ಕೆ ತಗಲಿತು ಎಂದು ಹುಡುಕುವುದಕ್ಕೇ ಹೋಗುತ್ತಿತ್ತು ಎಂದು ಅವರೇ ವರದಿ ಮಾಡಿದ್ದಾರೆ. ಆ ಹುಡುಕಾಟವನ್ನು ಚುರುಕುಗೊಳಿಸಲು ವಸ್ತುಗಳನ್ನು ಪೆಟ್ಟಿಗೆಗಳೊಳಗೆ, ಪೆಟ್ಟಿಗೆಗಳನ್ನು ಇನ್ನೂ ದೊಡ್ಡ ಪೆಟ್ಟಿಗೆಗಳೊಳಗೆ ಇಟ್ಟು ಹುಡುಕುವ ಕ್ರಮ ಬಂತು. ಇಂದಿನ ಗ್ರಾಫಿಕ್ಸ್ ಚಿಪ್‌ಗಳಲ್ಲಿ ಅದಕ್ಕೆಂದೇ ಮೀಸಲಾದ ಭಾಗವಿದೆ.

ಇಷ್ಟೆಲ್ಲ ಆದಮೇಲೂ ವಿಟೆಡ್ ಅವರ ಸೂತ್ರವನ್ನು ತೆರೆದು ನೋಡಿದರೆ ಅದರ ಮೊದಲ ಪದ ಅದೇ ಆಂಬಿಯಂಟ್ ಸ್ಥಿರಸಂಖ್ಯೆ. ಕನ್ನಡಿ, ಗಾಜುಗಳು ಬೆಳಕನ್ನು ಒಂದೆರಡು ನಿಶ್ಚಿತ ದಿಕ್ಕುಗಳಿಗೆ ಮಾತ್ರ ಕಳುಹಿಸುತ್ತವೆ, ಆದ್ದರಿಂದ ಅವುಗಳನ್ನು ಹಿಂಬಾಲಿಸುವುದು ಸಾಧ್ಯವಾಯಿತು. ಸುಣ್ಣದ ಗೋಡೆಗೆ ಬೆಳಕು ಎಲ್ಲ ದಿಕ್ಕುಗಳಿಂದಲೂ ಬರುತ್ತದೆ. ಎಷ್ಟು ಕಿರಣಗಳನ್ನು ಹೊರಡಿಸುವುದು?

ಆ ಸಂಖ್ಯೆಯನ್ನು ನಿಜವಾಗಿ ಮೊದಲು ಅಳಿಸಿದವರು ಕಾರ್ನೆಲ್ ವಿಶ್ವವಿದ್ಯಾಲಯದವರು. 1984ರಲ್ಲಿ ಸಿಂಡಿ ಗೋರಲ್, ಕೆನೆತ್ ಟೊರೆನ್ಸ್, ಡೊನಾಲ್ಡ್ ಗ್ರೀನ್‌ಬರ್ಗ್ ಮತ್ತು ಬೆನೆಟ್ ಬಟೈಲ್ ಉಷ್ಣ ವಿಕಿರಣದ ಎಂಜಿನಿಯರಿಂಗ್‌ನಿಂದ ರೇಡಿಯಾಸಿಟಿ ಎಂಬ ವಿಧಾನವನ್ನು ತಂದರು. ಲ್ಯಾಂಬರ್ಟ್ ನಿಯಮದಿಂದ ಮುಂದೆ ಒಂದು ಉಪಕಾರವಾಯಿತು ಎಂದೆನಲ್ಲ, ಅದು ಇಲ್ಲಿಯದು. ಎಲ್ಲ ಮೇಲ್ಮೈಗಳೂ ಹೊಳಪಿಲ್ಲದವು ಎಂದು ಒಪ್ಪಿಕೊಂಡರೆ ಕಣ್ಣು ಎಲ್ಲಿದೆ ಎಂಬುದು ಮುಖ್ಯವಲ್ಲ. ಗೋಡೆಗಳನ್ನು ಸಣ್ಣ ತುಂಡುಗಳಾಗಿ ಮಾಡಿ, ಪ್ರತಿ ತುಂಡೂ ಉಳಿದ ಪ್ರತಿ ತುಂಡಿಗೆ ಎಷ್ಟು ಪಾಲು ಬೆಳಕು ಕೊಡುತ್ತದೆ ಎಂದು ಬರೆದುಕೊಂಡರೆ ಅದು ಸಮೀಕರಣಗಳ ಒಂದು ದೊಡ್ಡ ಗುಂಪಾಗುತ್ತದೆ. ಒಮ್ಮೆ ಬಿಡಿಸಿದರೆ ಕೋಣೆಯಲ್ಲಿ ಎಲ್ಲಿ ನಿಂತು ನೋಡಿದರೂ ಉತ್ತರ ಸಿದ್ಧ. ಅವರು ಆಯ್ದ ದೃಶ್ಯ ಬಣ್ಣದ ಪಕ್ಕಗೋಡೆಗಳಿರುವ ಒಂದು ಪೆಟ್ಟಿಗೆ, ಇಂದು ಕಾರ್ನೆಲ್ ಪೆಟ್ಟಿಗೆ ಎಂದೇ ಹೆಸರಾದದ್ದು. ಬಿಳಿಯ ನೆಲದ ಮೇಲೆ ಗೋಡೆಯ ಬಣ್ಣ ತೆಳುವಾಗಿ ಹರಿದಿರುವುದು ಆ ಚಿತ್ರದಲ್ಲಿ ಕಾಣುತ್ತದೆ. ಯಾವ ಸ್ಥಿರಸಂಖ್ಯೆಯೂ ಅದನ್ನು ಕೊಡಲಾರದು. ಕನ್ನಡಿಯ ಗೋಳಗಳಿಗಿಂತ ಈ ಸಪ್ಪೆಯಾದ ಪೆಟ್ಟಿಗೆಯೇ ನನಗೆ ದೊಡ್ಡ ಸಾಧನೆಯಾಗಿ ಕಾಣುತ್ತದೆ.

ಎರಡು ವರ್ಷಗಳ ನಂತರ, 1986ರಲ್ಲಿ, ಜೇಮ್ಸ್ ಕಜಿಯಾ ಇದುವರೆಗಿನ ವಿಧಾನಗಳೆಲ್ಲವನ್ನೂ ಒಂದೇ ಸಮೀಕರಣದ ಕೆಳಗೆ ತಂದರು. ಮಾತಿನಲ್ಲಿ ಹೇಳುವುದಾದರೆ ಅದು ಇಷ್ಟು: ಒಂದು ಬಿಂದುವಿನಿಂದ ಒಂದು ದಿಕ್ಕಿಗೆ ಹೊರಡುವ ಬೆಳಕು ಎಂದರೆ ಆ ಬಿಂದು ತಾನೇ ಸೂಸುವ ಬೆಳಕು ಮತ್ತು ಎಲ್ಲ ದಿಕ್ಕುಗಳಿಂದ ಅದಕ್ಕೆ ಬಂದು ತಗಲುವ ಬೆಳಕಿನಲ್ಲಿ ಅದು ಈ ದಿಕ್ಕಿಗೆ ತಿರುಗಿಸಿ ಕಳುಹಿಸುವ ಪಾಲು, ಇವೆರಡರ ಮೊತ್ತ. ತೊಡಕೆಂದರೆ ಬಂದು ತಗಲುವ ಬೆಳಕು ಬೇರೊಂದು ಬಿಂದುವಿನಿಂದ ಹೊರಟ ಬೆಳಕೇ ಆಗಿರುತ್ತದೆ, ಅದರ ಲೆಕ್ಕಕ್ಕೂ ಇದೇ ಸಮೀಕರಣ ಬೇಕು. ಪ್ರಶ್ನೆ ತನ್ನ ಉತ್ತರದೊಳಗೇ ಮತ್ತೆ ಕೂತಿದೆ. ಕಜಿಯಾ ಇದಕ್ಕೆ ಸೂಚಿಸಿದ ದಾರಿ ಪಾತ್ ಟ್ರೇಸಿಂಗ್: ಎಲ್ಲ ದಿಕ್ಕುಗಳನ್ನೂ ನೋಡುವ ಬದಲು ಪ್ರತಿ ತಗುಲಿನಲ್ಲೂ ಯಾದೃಚ್ಛಿಕವಾಗಿ ಒಂದೇ ದಿಕ್ಕನ್ನು ಆರಿಸಿ ಮುಂದೆ ಹೋಗುವುದು, ಹೀಗೆ ಅನೇಕ ದಾರಿಗಳನ್ನು ಹಿಡಿದು ಸರಾಸರಿ ತೆಗೆಯುವುದು. ಹೀಗೆ ಹಿಡಿದ ದಾರಿಗಳು, ಎಂದರೆ ಮಾದರಿಗಳು, ಹೆಚ್ಚಿದಂತೆ ಸರಾಸರಿ ಸರಿಯಾದ ಉತ್ತರದತ್ತ ಸಾಗುತ್ತದೆ ಎಂಬ ಗಣಿತದ ಭರವಸೆ ಇದಕ್ಕಿದೆ.

ಸಾಗುವ ವೇಗ ಮಾತ್ರ ನಿರಾಶಾದಾಯಕ. ಚಿತ್ರದಲ್ಲಿ ಕಾಣುವ ಕಾಳುಕಾಳಾದ ಗದ್ದಲ ಮಾದರಿಗಳ ಸಂಖ್ಯೆಯ ವರ್ಗಮೂಲಕ್ಕೆ ವಿಲೋಮವಾಗಿ ಇಳಿಯುತ್ತದೆ. ಗದ್ದಲವನ್ನು ಅರ್ಧಕ್ಕೆ ಇಳಿಸಲು ನಾಲ್ಕು ಪಟ್ಟು ಮಾದರಿಗಳು ಬೇಕು, ಹತ್ತನೆಯ ಒಂದಕ್ಕೆ ಇಳಿಸಲು ನೂರು ಪಟ್ಟು. ಕೋಣೆಯಲ್ಲಿ ದೀಪ ಚಿಕ್ಕದಾಗಿದ್ದರೆ ಯಾದೃಚ್ಛಿಕವಾಗಿ ಹೊರಟ ಕಿರಣಗಳಲ್ಲಿ ಬಹುಪಾಲು ಅದನ್ನು ಕಾಣದೆಯೇ ಮುಗಿಯುತ್ತವೆ, ಆದ್ದರಿಂದ ಪ್ರತಿ ತಗುಲಿನಲ್ಲೂ ದೀಪದ ಕಡೆಗೆ ಉದ್ದೇಶಪೂರ್ವಕವಾಗಿ ಒಂದು ಕಿರಣ ಬಿಡುವುದು, ಬೆಳಕು ಹೆಚ್ಚು ಬರುವ ದಿಕ್ಕುಗಳನ್ನೇ ಹೆಚ್ಚಾಗಿ ಆರಿಸಿ ಆ ಪಕ್ಷಪಾತವನ್ನು ಭಾಗಾಕಾರದಿಂದ ಸರಿದೂಗಿಸುವುದು ಮೊದಲಾದ ಕ್ರಮಗಳು ಬಂದವು. 1986ರ ಈ ವಿಚಾರ ಚಲನಚಿತ್ರ ನಿರ್ಮಾಣದಲ್ಲಿ ಸಾಮಾನ್ಯ ಪದ್ಧತಿಯಾಗಿ ನೆಲೆಗೊಂಡದ್ದು 2010ರ ದಶಕದಲ್ಲಿ. ಸಮೀಕರಣ ಸಿಕ್ಕಿದ ದಿನಕ್ಕೂ ಅದನ್ನು ಬಳಸುವ ಶಕ್ತಿ ಯಂತ್ರಗಳಿಗೆ ಬಂದ ದಿನಕ್ಕೂ ನಡುವೆ ಇಷ್ಟು ಅಂತರ.

ಬೆಳಕಿನ ದಾರಿ ಸರಿಹೋದರೂ ತಗುಲಿದ ಜಾಗದ ಗುಣ ತಪ್ಪಾಗಿದ್ದರೆ ಚಿತ್ರ ಸುಳ್ಳೇ. ಹಳೆಯ ಕಂಪ್ಯೂಟರ್ ಚಿತ್ರಗಳಲ್ಲಿ ಎಲ್ಲವೂ ಪ್ಲಾಸ್ಟಿಕ್ಕಿನಂತೆ ಕಾಣುವುದಕ್ಕೆ ಕಾರಣವನ್ನು ರಾಬರ್ಟ್ ಕುಕ್ ಮತ್ತು ಟೊರೆನ್ಸ್ 1980ರ ದಶಕದ ಆರಂಭದಲ್ಲಿ ತೋರಿಸಿಕೊಟ್ಟರು. ಪ್ಲಾಸ್ಟಿಕ್ಕಿನಲ್ಲಿ ಹೊಳಪು ಮೇಲ್ಪದರದಲ್ಲೇ ಪ್ರತಿಫಲಿಸುವುದರಿಂದ ದೀಪದ ಬಣ್ಣವನ್ನೇ ಪಡೆದಿರುತ್ತದೆ. ತಾಮ್ರದಲ್ಲಿ ಹೊಳಪೇ ಕೆಂಪಾಗಿರುತ್ತದೆ, ಡಿಫ್ಯೂಸ್ ಭಾಗ ಇರುವುದೇ ಇಲ್ಲ ಎನ್ನಬಹುದು. ಫೋಂಗ್ ಸೂತ್ರವನ್ನು ಬಿಳಿ ಹೊಳಪಿನೊಂದಿಗೆ ಬಳಸಿದವರೆಲ್ಲ ತಿಳಿಯದೆ ಪ್ಲಾಸ್ಟಿಕ್ಕನ್ನೇ ಬರೆಯುತ್ತಿದ್ದರು. ಮೇಲ್ಮೈಯನ್ನು ಕಣ್ಣಿಗೆ ಕಾಣದಷ್ಟು ಚಿಕ್ಕ ಕನ್ನಡಿ ಚೂರುಗಳ ಗುಂಪೆಂದು ಭಾವಿಸಿ, ಅವುಗಳಲ್ಲಿ ಎಷ್ಟು ಸರಿಯಾದ ಕಡೆಗೆ ತಿರುಗಿವೆ, ಎಷ್ಟು ಒಂದನ್ನೊಂದು ಮರೆಮಾಡಿವೆ ಎಂದು ಎಣಿಸುವ ಅವರ ಮಾದರಿ ಇಂದಿನ ಬಹುತೇಕ ತಂತ್ರಾಂಶಗಳ ತಳಪಾಯ. ಇದರೊಂದಿಗೆ ಫ್ರೆನೆಲ್ ನಿಯಮ ಸೇರುತ್ತದೆ. ನಿಂತ ನೀರನ್ನು ನೇರ ಮೇಲಿನಿಂದ ನೋಡಿದರೆ ಅದು ಪ್ರತಿಫಲಿಸುವುದು ಶೇಕಡಾ 2ರಷ್ಟು ಮಾತ್ರ, ತಳ ಕಾಣುತ್ತದೆ. ದಡದಲ್ಲಿ ಕುಳಿತು ತೀರ ಓರೆಯಾಗಿ ದೂರಕ್ಕೆ ನೋಡಿದರೆ ಪ್ರತಿಫಲನ ಶೇಕಡಾ 100ರತ್ತ ಏರಿ ಆಕಾಶವೇ ಕಾಣುತ್ತದೆ. ಈ ಏರಿಕೆಯನ್ನು ಕ್ರಿಸ್ತೋಫ್ ಶ್ಲಿಕ್ 1994ರಲ್ಲಿ ಐದನೆಯ ಘಾತದ ಒಂದು ಸರಳ ಸೂತ್ರಕ್ಕೆ ಇಳಿಸಿಕೊಟ್ಟರು, ಆಟಗಳಲ್ಲಿ ಇಂದು ಬಳಕೆಯಲ್ಲಿರುವುದು ಬಹುತೇಕ ಅದೇ. ಚರ್ಮ, ಹಾಲು, ಅಮೃತಶಿಲೆಗಳಲ್ಲಿ ಬೆಳಕು ಒಳಗೆ ಹೊಕ್ಕು, ಚದುರಿ, ಬೇರೊಂದು ಜಾಗದಿಂದ ಹೊರಬರುತ್ತದೆ. ಅದಕ್ಕೆ ಬಳಸಲು ಸಾಧ್ಯವಾಗುವಂಥ ಮಾದರಿಯೊಂದನ್ನು ಹೆನ್ರಿಕ್ ಜೆನ್ಸನ್ ಮತ್ತು ಸಂಗಡಿಗರು 2001ರಲ್ಲಿ ಕೊಟ್ಟ ಮೇಲೆ ಪರದೆಯ ಮೇಲಿನ ಮುಖಗಳು ಮೇಣದ ಗೊಂಬೆಯ ಗಡುಸನ್ನು ಕಳೆದುಕೊಂಡವು.

ಆಟಗಳ ವಿಷಯ ಬೇರೆ. 16.7 ಮಿಲಿಸೆಕೆಂಡುಗಳಲ್ಲಿ ಪೂರ್ತಿ ಲೆಕ್ಕ ಸಾಧ್ಯವಿಲ್ಲದ್ದರಿಂದ ಅಲ್ಲಿ ಆಂಬಿಯಂಟ್ ಸಂಖ್ಯೆ ದೀರ್ಘಕಾಲ ಬದುಕಿತು, ನಿಧಾನವಾಗಿ ರೂಪ ಬದಲಿಸಿತು. ಕದಲದ ಗೋಡೆಗಳ ಮೇಲಿನ ಬೆಳಕನ್ನು ಮೊದಲೇ ಲೆಕ್ಕ ಹಾಕಿ ಚಿತ್ರವಾಗಿ ಅಂಟಿಸಿಡುವುದು ಒಂದು ದಾರಿ. ದೀಪ ಆರಿಸಿದರೂ ಗೋಡೆ ಬೆಳಗಿಯೇ ಇರುತ್ತದೆ ಎಂಬುದು ಅದರ ಬೆಲೆ. 2007ರ ‘ಕ್ರೈಸಿಸ್’ ಆಟದೊಂದಿಗೆ ಹೆಸರಾದ ಇನ್ನೊಂದು ಉಪಾಯ, ಪರದೆಯಲ್ಲಿ ದಾಖಲಾದ ದೂರಗಳನ್ನೇ ನೋಡಿ ಯಾವ ಬಿಂದು ಸುತ್ತಲಿನಿಂದ ಎಷ್ಟು ಮುಚ್ಚಿಕೊಂಡಿದೆ ಎಂದು ಅಂದಾಜಿಸಿ, ಅಷ್ಟಕ್ಕಷ್ಟು ಆಂಬಿಯಂಟ್ ಕಡಿಮೆ ಮಾಡುವುದು. ಸಂದುಗೊಂದುಗಳು ಇದರಿಂದ ಕಪ್ಪಾದವು, ಆಕಾರ ಮರಳಿತು; ಆದರೆ ಪರದೆಯ ಹೊರಗಿರುವುದು ಈ ಉಪಾಯಕ್ಕೆ ಕಾಣದ್ದರಿಂದ ಕ್ಯಾಮೆರಾ ತಿರುಗಿದಂತೆ ಅಂಚಿನ ನೆರಳುಗಳು ಬಂದುಹೋಗುತ್ತವೆ. ಕಿರಣಗಳ ಹುಡುಕಾಟಕ್ಕೆ ಮೀಸಲು ಭಾಗವಿರುವ ಎನ್ವಿಡಿಯಾ ಆರ್‌ಟಿಎಕ್ಸ್ ಕಾರ್ಡ್‌ಗಳು 2018ರಲ್ಲಿ ಮಾರುಕಟ್ಟೆಗೆ ಬಂದ ಮೇಲೆ ಪಿಕ್ಸೆಲ್‌ಗೆ ಒಂದೋ ಎರಡೋ ಕಿರಣಗಳನ್ನು ಬಿಡುವುದು ಸಾಧ್ಯವಾಯಿತು. ಅಷ್ಟರಿಂದ ಸಿಗುವುದು ಕಾಳುಗದ್ದಲವೇ ತುಂಬಿದ ಚಿತ್ರ. ಹಿಂದಿನ ಚೌಕಟ್ಟುಗಳ ಮಾಹಿತಿಯನ್ನೂ ಅಕ್ಕಪಕ್ಕದ ಪಿಕ್ಸೆಲ್‌ಗಳನ್ನೂ ಬಳಸಿ ಅದನ್ನು ನಯಗೊಳಿಸುವ ಶೋಧಕಗಳು ಉಳಿದದ್ದನ್ನು ತುಂಬುತ್ತವೆ. ದೀಪ ಥಟ್ಟನೆ ಆರಿದಾಗ ಅದರ ಬೆಳಕು ಗೋಡೆಯ ಮೇಲೆ ಕ್ಷಣಕಾಲ ಉಳಿದಂತೆ ಕಾಣುವುದು ಇದರ ಗುರುತು.

ಕೊನೆಯದಾಗಿ ಒಂದು ಪರೀಕ್ಷೆಯನ್ನು ಹೇಳುತ್ತೇನೆ, ನಿಮ್ಮಲ್ಲಿ ತಂತ್ರಾಂಶ ಬಳಸುವವರು ಮಾಡಿ ನೋಡಬಹುದು. ಬಿದ್ದ ಬೆಳಕನ್ನೆಲ್ಲ ಹಿಂದಿರುಗಿಸುವ, ಏನನ್ನೂ ಹೀರದ ಬಿಳಿಯ ಗೋಳವೊಂದನ್ನು ಎಲ್ಲ ದಿಕ್ಕುಗಳಿಂದಲೂ ಸಮಾನ ಬೆಳಕು ಬರುವ ಜಾಗದಲ್ಲಿಡಿ. ಲೆಕ್ಕ ಸರಿಯಿದ್ದರೆ ಗೋಳ ಹಿನ್ನೆಲೆಯಲ್ಲಿ ಪೂರ್ತಿ ಕರಗಿ ಕಾಣದಂತಾಗಬೇಕು. ಕಪ್ಪಾಗಿ ಕಂಡರೆ ಸೂತ್ರ ಬೆಳಕನ್ನು ಎಲ್ಲೋ ಕಳೆಯುತ್ತಿದೆ, ಬೆಳ್ಳಗೆ ಕಂಡರೆ ಇಲ್ಲದ ಬೆಳಕನ್ನು ಹುಟ್ಟಿಸುತ್ತಿದೆ. ಕನ್ನಡಿ ಚೂರುಗಳ ಮಾದರಿಯ ಸಾಮಾನ್ಯ ರೂಪ ನಯವಾದ ಲೋಹದಲ್ಲಿ ಈ ಪರೀಕ್ಷೆಯನ್ನು ಗೆಲ್ಲುತ್ತದೆ, ಒರಟು ಲೋಹದಲ್ಲಿ ಸೋಲುತ್ತದೆ: ಒಂದು ಚೂರಿನಿಂದ ಪ್ರತಿಫಲಿಸಿ ಪಕ್ಕದ ಚೂರಿಗೆ ತಗುಲಿದ ಬೆಳಕನ್ನು ಅದು ಮರೆಯಾಯಿತೆಂದು ಕೈಬಿಡುತ್ತದೆ, ನಿಜದಲ್ಲಿ ಆ ಬೆಳಕು ಎರಡನೆಯ, ಮೂರನೆಯ ನೆಗೆತದಲ್ಲಿ ಹೊರಗೆ ಬರುತ್ತದೆ. ಹೀಗೆ ಕಳೆದುಹೋಗುವ ಪಾಲನ್ನು ಒರಟುತನ ಮತ್ತು ಕೋನಗಳಿಗೆ ತಕ್ಕಂತೆ ಮೊದಲೇ ಅಳೆದು, ಕೋಷ್ಟಕದಲ್ಲಿಟ್ಟುಕೊಂಡು, ಮತ್ತೆ ಸೇರಿಸುವ ವಿಧಾನಗಳು ಕಳೆದ ದಶಕದಲ್ಲಿ ಬಂದಿವೆ, ಆದರೆ ಎಲ್ಲ ತಂತ್ರಾಂಶಗಳೂ ಅವನ್ನು ಅಳವಡಿಸಿಕೊಂಡಿಲ್ಲ. ಒರಟುತನವನ್ನು ಸೊನ್ನೆಯಿಂದ ಒಂದರವರೆಗೆ ಹೆಚ್ಚಿಸುತ್ತ ಬಿಳಿಯ ಲೋಹದ ಗೋಳಗಳನ್ನು ಸಾಲಾಗಿ ಇಟ್ಟು, ಎಷ್ಟನೆಯ ಗೋಳದಿಂದ ಅವು ಹಿನ್ನೆಲೆಗಿಂತ ಕಪ್ಪಾಗಿ ಕಾಣಲು ತೊಡಗುತ್ತವೆ ಎಂದು ನೋಡಿದರೆ, ನೀವು ಬಳಸುವ ತಂತ್ರಾಂಶ ಯಾವ ಗುಂಪಿನದೆಂದು ತಿಳಿಯುತ್ತದೆ.